ಚೆನ್ನಕ್ಕ ಕೂತು ನೋಡಿದ ನೆಲ

ಆ ಶುಕ್ರವಾರ ನಮ್ಮಕ್ಕ ಕೆರೆಯಲ್ಲಿ ಕೂತಿರಲಿಲ್ಲ. ಕೂತಿದ್ದಾಳೆ ಎಂದು ಫೋನಿನಲ್ಲಿ ಹೇಳಿದವನು ನಾನು. ಎದ್ದು ಹೋಗಿ ನೋಡಿ ಬರುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಸಾಕಾಗಿತ್ತು. ಹೋಗಲಿಲ್ಲ. ಆಮೇಲೆ ನಿಜ ಹೇಳುವುದಕ್ಕೆ ಅಷ್ಟು ಹೊತ್ತೂ ಬೇಕಿರಲಿಲ್ಲ. ಹೇಳಲಿಲ್ಲ.

ಒಬ್ಬ ಹೆಂಗಸು ಕೆರೆಯಲ್ಲಿ ಕೂತಳೋ ಇಲ್ಲವೋ ಎನ್ನುವುದು ಬರೆಯುವಂಥ ಮಾತೇ ಎಂದು ಓದಿದವರಿಗೆ ಅನ್ನಿಸಬಹುದು. ನಮ್ಮ ಕೆರೆಗೆ ಬಂದವರಿಗೆ ಅನ್ನಿಸುವುದಿಲ್ಲ.

ನಮ್ಮೂರು ಕೂಟಗಲ್ ಹೋಬಳಿಯಲ್ಲಿದೆ. ಊರ ಹಿಂದೆ ಬಂಡೆಗುಡ್ಡ, ಗುಡ್ಡದ ಬುಡಕ್ಕೆ ಕೆರೆ. ಒಂದು ಕಡೆ ಏರಿ. ಎದುರು ಕಡೆ, ನೀರು ಹಿಂದೆ ಸರಿದಾಗ ಹುಲ್ಲು ಬೆಳೆಯುವ ಅಗಲವಾದ ಅಂಗಳ. ಶನಿವಾರ ಬಂತೆಂದರೆ ಬೆಂಗಳೂರಿನವರು ಆ ಅಂಗಳದಲ್ಲಿ ಟೆಂಟು ಹಾಕುತ್ತಾರೆ. ಕೆಲವರು ಗಾಳಿ ತುಂಬಿಸುವ ದೋಣಿಯನ್ನು ಹಾಸಿಗೆಯ ಹಾಗೆ ಸುತ್ತಿಕೊಂಡು ತರುತ್ತಾರೆ. ತರದವರನ್ನು ನಾನು ನನ್ನ ತೆಪ್ಪದಲ್ಲಿ ಕೂರಿಸಿಕೊಂಡು, ಲೈಫ್ ಜಾಕೆಟ್ ತೊಡಿಸಿ, ಕೆರೆಯ ಸುತ್ತ ತಿರುಗಿಸುತ್ತೇನೆ. ಉಳಿದ ದಿನಗಳಲ್ಲಿ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಬುಗುರಿ ಕಡೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

ಅಕ್ಕನ ಹೆಸರು ಚೆನ್ನಮ್ಮ. ಊರಿಗೆಲ್ಲ ಚೆನ್ನಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸುವಷ್ಟು ದೊಡ್ಡವಳು. ಭಾವ ತೀರಿಕೊಂಡ ಮೇಲೆ ಮಗಳು ಸವಿತಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. ಬರುವಾಗ ತನ್ನ ಪಾಲಿನ ಕುರಿಗಳನ್ನೂ ಹೊಡೆದುಕೊಂಡು ಬಂದಳು. ಎತ್ತರದ ಆಳು. ಸೀರೆಯ ಮೇಲೆ ಭಾವನ ಹಳೆಯ ತುಂಬುತೋಳಿನ ಅಂಗಿ, ಅಂಗಿಯ ಜೇಬಿನಲ್ಲಿ ಫೋನು, ಹೆಗಲ ಮೇಲೆ ಅಡ್ಡಕ್ಕೆ ಕೋಲು, ಕೋಲಿನ ಎರಡೂ ತುದಿಗೆ ನೇತುಬಿದ್ದ ಕೈಗಳು. ದೂರದಿಂದ ನೋಡಿದರೆ ಬೆದರುಬೊಂಬೆಯೇ ಕುರಿ ಮೇಯಿಸುತ್ತಿದೆ ಅನ್ನಿಸುತ್ತಿತ್ತು. ನಾನು ಹಾಗೆ ಅಂದರೆ, "ಬೆದ್ರುಬೊಂಬೆ ನೋಡಿ ಹಕ್ಕಿ ಓಡೋಯ್ತವೆ. ನನ್ ನೋಡಿ ಜನ ಬತ್ತಾರೆ ಕಣ್ಲಾ" ಅನ್ನುತ್ತಿದ್ದಳು.

ಅದು ನಿಜ. ಜನ ಬರುತ್ತಿದ್ದದ್ದು ಅವಳ ಮಾತಿನ ಮೇಲೆ.

ಮೊದಮೊದಲು ಟೆಂಟಿನವರು ಬಂದಾಗ ಅಕ್ಕನಿಗೆ ಅದೊಂದು ತಮಾಷೆ. ಒಂದು ಸಂಜೆ ಕಾಲೇಜಿನ ಹುಡುಗಿಯರ ಗುಂಪು ಬಂದು, "ಅಮ್ಮಾ, ಇಲ್ಲಿ ಟೆಂಟ್ ಹಾಕಬಹುದಾ?" ಎಂದು ಕೇಳಿತು. ಅಕ್ಕ ಕುರಿ ಎಣಿಸುತ್ತಾ, ತಲೆ ಎತ್ತದೆ, "ಹಾಕ್ಕಳ್ರವ್ವ, ನೆಲ ಏನ್ ನಮ್ಮಪ್ಪಂದಾ" ಅಂದುಬಿಟ್ಟಳು. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದಾಗ ಆ ಹುಡುಗಿಯರೆಲ್ಲ ಬಂಡೆಯ ಮೇಲೆ ಸಾಲಾಗಿ ಕೂತು ಹಾಸಿಗೆ ಒಣಗಿಸುತ್ತಿದ್ದರು. ನೋಡುವುದಕ್ಕೆ ಹುಲ್ಲು ಒಣಗಿದ್ದರೂ ಕೆಳಗಿನಿಂದ ನೀರು ಜಿನುಗಿತ್ತು. ಅವರಲ್ಲಿ ಕನ್ನಡಕದ ಹುಡುಗಿಯೊಬ್ಬಳು ಸೀನುತ್ತಾ ಸೀನುತ್ತಾ ಕೇಳಿದಳಂತೆ, "ಅಮ್ಮಾ, ನೀವು ಅಲ್ಲಿ ಯಾವತ್ತಾದರೂ ಕೂತು ನೋಡಿದ್ದೀರಾ?"

ಅಕ್ಕ ಅದನ್ನು ಮನೆಗೆ ಬಂದು ಹೇಳಿದ್ದು ನೆನಪಿದೆ. ಸಿಟ್ಟಿರಲಿಲ್ಲ. ಬಾಯಿಗೆ ಬಂದ ಹೊಸ ರುಚಿಯನ್ನು ಚಪ್ಪರಿಸುವ ಹಾಗೆ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಳು. "ಕೂತು ನೋಡಿದ್ದೀರಾ ಅಂತಳೆ ಕಣ್ಲಾ. ಸರ್ಯಾಗೇ ಕೇಳವ್ಳೆ. ಅಷ್ಟ್ ವರ್ಷದಿಂದ ಆ ನೆಲದ್ ಮ್ಯಾಲೆ ನಡ್ದಿದೀನಿ, ನಿಂತಿದೀನಿ, ಕುರಿ ಹಿಂದೆ ಓಡಿದೀನಿ. ಕೂತಿಲ್ಲ ನೋಡು." ಅವತ್ತು ಮಧ್ಯಾಹ್ನವೇ ಹೋಗಿ ಆ ಜಾಗದಲ್ಲಿ ಕಾಲು ಚಾಚಿ ಕೂತಳು. ಎದ್ದಾಗ ಸೀರೆಯ ಹಿಂಭಾಗ ಒದ್ದೆ. ನಾಲ್ಕು ಮಾರು ಮೇಲೆ ಬಂದು ಕೂತಳು. ಅಲ್ಲಿ ಒಸಿ ತೇವ. ಇನ್ನೂ ಮೇಲೆ, ಹೊಂಗೆಮರದ ಹತ್ತಿರ ಕೂತಳು. ಅಲ್ಲಿ ಒಣಗಿತ್ತು. ಆ ಒಣಗಿದ ಜಾಗದಲ್ಲಿ ಒಂದು ಗೂಟ ಹೊಡೆದಳು.

ಅಲ್ಲಿಂದ ಅದೇ ಅವಳ ಪದ್ಧತಿಯಾಯಿತು. ಶುಕ್ರವಾರ ಮಧ್ಯಾಹ್ನ ಕುರಿಗಳನ್ನು ಅಂಗಳಕ್ಕೆ ಬಿಟ್ಟು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಮೊದಲು ಏರಿಯ ಮೇಲೆ ಹೋಗುತ್ತಿದ್ದಳು. ಅಲ್ಲಿ ದೊಡ್ಡ ಗಾಡಿಗಳನ್ನು ತಡೆಯಲು ಪಂಚಾಯಿತಿಯವರು ಕಟ್ಟಿದ ಸರಪಳಿ ಇತ್ತು. ಬೀಗ ಹಾಕಿದ್ದಾರೋ ಬಿಟ್ಟಿದ್ದಾರೋ ಎಂದು ಎಳೆದು ನೋಡುತ್ತಿದ್ದಳು. ಆಮೇಲೆ ಕೆರೆ ತುಂಬಿ ನೀರು ಹೊರಗೆ ಹರಿಯುವ ಕೋಡಿ. ಕೋಡಿ ಹರಿಯುತ್ತಿದ್ದರೆ ಕಾರು ದಾಟುವುದಿಲ್ಲ. ಆಮೇಲೆ ತೂಬು. ಕೆಳಗಿನ ಗದ್ದೆಯವರು ತೂಬು ಎತ್ತಿದ್ದರೆ ನೀರು ಹಿಂದಕ್ಕೆ ಸರಿದು ದಡದಲ್ಲಿ ಕೆಸರು ಬಿಟ್ಟಿರುತ್ತದೆ. ಗಾಳಿ ಯಾವ ಕಡೆಯದು, ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ಯಾವ ದಡಕ್ಕೆ ಬಂದು ಕೂಡಿಕೊಂಡಿದೆ, ತೆಪ್ಪ ಇಳಿಸಲು ಎಲ್ಲಿ ಜಾಗ ಇದೆ, ಎಲ್ಲ ನೋಡಿ ಕೊನೆಗೆ ಅಂಗಳಕ್ಕಿಳಿದು ಕೂರುತ್ತಿದ್ದಳು. ಒಂದು ಕಡೆ ಕೂತರೆ ಒಂದು ಎಲೆ ಅಡಿಕೆ ಅಗಿದು ಮುಗಿಯುವವರೆಗೆ ಏಳುತ್ತಿರಲಿಲ್ಲ. ಎದ್ದು, ಹಿಂದೆ ಕೈ ಹಾಕಿ ಸೀರೆ ಮುಟ್ಟಿ ನೋಡಿ, ಆಮೇಲೆ ಫೋನು.

"ಕೂತ್ ನೋಡಿದೀನಿ, ಬನ್ನಿ."

ಇಷ್ಟೇ. ಇದು ಬಂದರೆ ಬೆಂಗಳೂರಿನಲ್ಲಿ ಚೀಲ ಕಟ್ಟುತ್ತಿದ್ದರು.

ಫೋನಿನಲ್ಲಿ ಅವಳು ಮಾತಾಡುವುದನ್ನು ಕೇಳಲಿಕ್ಕೆಂದೇ ಸಿದ್ದಣ್ಣನ ಟೀ ಅಂಗಡಿಯಲ್ಲಿ ಜನ ಇನ್ನೊಂದು ಟೀ ಹೇಳುತ್ತಿದ್ದರು. ಅವಳು ಸ್ಪೀಕರ್ ಹಾಕದೆ ಮಾತಾಡಿದವಳೇ ಅಲ್ಲ. ಬೆಂಗಳೂರಿಗೆ ಫೋನಿಲ್ಲದೆಯೇ ಕೇಳಿಸಬೇಕು ಅನ್ನುವ ಹಾಗೆ ಕೂಗುತ್ತಿದ್ದಳು.

"ಚೆನ್ನಕ್ಕ, ಈ ವಾರ ಕೆರೆ ಓಪನ್ ಇದೆಯಾ?"

"ಕೆರೆಗೇನ್ ಬಾಗ್ಲು ಇಕ್ಕೀವಾ ಸಾಮಿ? ಸರಪಳಿ ತೆಗ್ದವ್ರೆ. ಅದ್ ಕೇಳಿ."

"ನೀರು ಫುಲ್ ಇದೆಯಾ?"

"ಫುಲ್ಲಾದ್ರೆ ನೀವ್ ಎಲ್ ಮಲಗ್ತೀರಿ? ಒಸಿ ಕಮ್ಮಿ ಐತೆ, ಅದೇ ನಿಮ್ ಪುಣ್ಯ."

"ಮಳೆ ಬರುತ್ತಾ ಅಕ್ಕ?"

"ಮಳೆ ಇಚಾರ ನನ್ ಕೇಳ್ಬ್ಯಾಡಿ. ನಾನ್ ಕೂತಿದ್ದು ನೆಲದ್ ಮ್ಯಾಲೆ, ಮೋಡದ್ ಮ್ಯಾಲಲ್ಲ."

ಈ ಕೊನೆಯ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಾಳೋ. ಹೇಳುವಾಗಲೆಲ್ಲ ಮೊದಲ ಸಲ ಹೊಳೆದ ಹಾಗೆ ತಾನೇ ಮೊದಲು ನಗುತ್ತಿದ್ದಳು.

ಅವಳೇನೂ ತಗ್ಗಿ ಬಗ್ಗಿ ನಡೆಯುವ ಹೆಂಗಸಲ್ಲ. ತನಗೆ ಹೆಸರು ಬಂದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದು ಎಲ್ಲರಿಗೂ ಗೊತ್ತಿರಲಿ ಎಂದೂ ಇತ್ತು. ಟೆಂಟಿನವರು ಫೋಟೋ ಹೊಡೆಯಲು ಬಂದರೆ ಕೋಲು ಸರಿಮಾಡಿಕೊಂಡು, "ಕುರಿ ಬರ್ಲಿ, ಕುರಿ ಇಲ್ದೆ ನನ್ ಹಿಡೀಬ್ಯಾಡಿ" ಎಂದು ಕಾಯಿಸುತ್ತಿದ್ದಳು. ಅವರ ನೂಡಲ್ಸಿಗೆ ಮನಸೋತಿದ್ದಳು. ಸಂಜೆ ಸುಮ್ಮನೆ ವಿಚಾರಿಸುವ ನೆಪದಲ್ಲಿ ಟೆಂಟಿನ ಕಡೆ ಹೋಗಿ, ಒಂದು ತಟ್ಟೆ ತಿಂದು, "ಉಪ್ಪು ಜಾಸ್ತಿ" ಎಂದು ತಪ್ಪು ಹಿಡಿದು ಬರುತ್ತಿದ್ದಳು. ಒಮ್ಮೆ ಮಾತ್ರ ಅವಳ ಜಂಬ ಇಳಿಯಿತು. ಕೂತ ಜಾಗದಿಂದಲೇ ಫೋನು ಮಾಡಿ, "ಕೂತ್ ನೋಡಿದೀನಿ, ಮೆತ್ತೆ ಇದ್ದಂಗೈತೆ" ಎನ್ನುವಷ್ಟರಲ್ಲಿ ಕೆಂಜಿಗ ಸೀರೆಯೊಳಕ್ಕೆ ಹತ್ತಿಬಿಟ್ಟವು. "ಅಯ್ಯಯ್ಯಯ್ಯೋ ಕ್ಯಾನ್ಸಲ್ ಕ್ಯಾನ್ಸಲ್" ಎಂದು ಕೂಗುತ್ತಾ ಅಕ್ಕ ನೀರಿನ ಕಡೆ ಓಡಿದಳು. ಆ ಕಡೆಯವರು ಕೆರೆ ಒಡೆದಿದೆ ಎಂದುಕೊಂಡು ಗಾಬರಿಯಾಗಿ ನನಗೆ ಫೋನು ಮಾಡಿದರು. ಇದನ್ನು ಊರಿಗೆಲ್ಲ ಸಾರಿದವಳೂ ಅವಳೇ.

ಹೀಗೆ 'ಚೆನ್ನಕ್ಕ ಕೂತು ನೋಡಿದ್ದು' ಅನ್ನುವುದು ನಮ್ಮ ಸುತ್ತಿನಲ್ಲಿ ಒಂದು ಮಾತಾಯಿತು. ಮನೆಗೆ ತಳಪಾಯ ಹಾಕುವವರು, ಎತ್ತು ಕೊಳ್ಳುವವರು, ಹೆಣ್ಣು ನೋಡಿ ಬಂದವರು ಕೂಡ, "ಚೆನ್ನಕ್ಕ ಕೂತು ನೋಡಿದಂಗೆ ನೋಡಿದೀವಿ" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಕ್ಕ ಕೇಳಿಸದವಳ ಹಾಗೆ ಇನ್ನೊಂದು ಕಡೆ ತಿರುಗುತ್ತಿದ್ದಳು. ಅವಳ ಕಿವಿ ಮಾತ್ರ ಕೆಂಪಾಗುತ್ತಿತ್ತು.

ಆ ಶುಕ್ರವಾರ ಅಕ್ಕ ಬೆಳಿಗ್ಗೆ ಮೊದಲ ಬಸ್ಸಿಗೇ ಮಾಗಡಿ ಕಡೆ ಕೆಂಪಾಪುರಕ್ಕೆ ಹೋಗಿದ್ದಳು. ನಂಟರ ಮಗುವಿಗೆ ಹೆಸರಿಡುವುದಿತ್ತು. ಹೋಗುವ ಮುಂಚೆ ಫೋನು ನನ್ನ ಕೈಗೆ ಕೊಟ್ಟು, "ಪ್ರಸಾದಪ್ಪ ಫೋನ್ ಮಾಡ್ತಾನೆ. ತೂಬು ಎತ್ತವ್ರೆ ಅಂತಿದ್ರು. ಹೋಗಿ ಕೂತ್ ನೋಡಿ ಹೇಳ್ಲಾ" ಅಂದಳು.

ಪ್ರಸಾದ್ ಅಂದರೆ ಬೆಂಗಳೂರಿನಿಂದ ತಿಂಗಳಿಗೆ ಒಂದೆರಡು ಸಲ ಗುಂಪು ಕಟ್ಟಿಕೊಂಡು ಬರುವವರು. ಅಕ್ಕನನ್ನು ಕೇಳದೆ ವ್ಯಾನು ಹತ್ತುತ್ತಿರಲಿಲ್ಲ. ಅವತ್ತು ಕಾರ್ಖಾನೆಗೆ ರಜೆ. ಅವರ ಫೋನು ಬಂದಾಗ ನಾನು ಅರಳಿಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದೆ. ನನ್ನ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದು ಒಳಗಿನ ಮನೆಗೆ ಹೋಗಲು ಒಂದು ಬಿದ್ದರೆ ಸಾಕು. ಕವಡೆ ನನ್ನ ಕೈಯಲ್ಲೇ ಇತ್ತು. ಕಟ್ಟೆಯಿಂದ ತಲೆ ಎತ್ತಿದರೆ ಕೆರೆ ಏರಿ ಕಾಣುತ್ತದೆ.

"ನಾಗರಾಜು, ಅಕ್ಕ ಎಲ್ಲಿ? ಕೂತು ನೋಡಿದ್ರಾ?"

ಇಲ್ಲ ಅನ್ನಬಹುದಿತ್ತು. ಒಸಿ ಹೊತ್ತು ಬಿಟ್ಟು ಮಾಡಿ ಅನ್ನಬಹುದಿತ್ತು.

"ಕೂತ್ ನೋಡವ್ಳೆ ಸಾರ್. ಬನ್ನಿ" ಅಂದೆ. ಕವಡೆ ಎಸೆದೆ. ಒಂದು ಬಿತ್ತು. ಆಟ ಗೆದ್ದೆ.

ಅವರು ಅವತ್ತು ಸಂಜೆಗೇ ಬಂದರು. ಪ್ರಸಾದರ ತಾಯಿಗೆ ಅರವತ್ತು ತುಂಬಿತ್ತಂತೆ. ಅವರನ್ನೂ ಅವರ ಅಕ್ಕತಂಗಿಯರನ್ನೂ ಕರೆತಂದು, ಕೆರೆ ದಡದಲ್ಲಿ ದೀಪ ಹಚ್ಚಿ ಕೇಕು ಕತ್ತರಿಸುವುದೆಂದು ಏರ್ಪಾಡು. ಗದ್ದೆಯವರು ತೂಬು ಎತ್ತಿ ನೀರು ಹಿಂದೆ ಸರಿದಿತ್ತು. ಬಿಸಿಲಿಗೆ ಮೇಲೆ ಒಂದು ಪದರ ಒಣಗಿ, ನೋಡಲು ಗಾರೆ ಬಳಿದ ನೆಲದ ಹಾಗೆ ಇತ್ತು. ಕೆಳಗೆಲ್ಲ ಬೆಣ್ಣೆಯಂಥ ಜೇಡಿ. ವ್ಯಾನು ಗೂಟದ ಹತ್ತಿರ ತಿರುಗಿಕೊಳ್ಳಲು ಒಂದಷ್ಟು ಕೆಳಗೆ ಇಳಿದದ್ದೇ, ಮುದುಕ ಎತ್ತು ಮಲಗುವ ಹಾಗೆ ನಿಧಾನವಾಗಿ, ಮುಂದಿನ ಕಾಲು ಮೊದಲು, ಹಿಂದಿನ ಕಾಲು ಆಮೇಲೆ, ಕೂತುಬಿಟ್ಟಿತು. ಇಳಿದವರ ಚಪ್ಪಲಿಗಳು ಕೆಸರಿನಲ್ಲೇ ಉಳಿದವು. ಕೇಕಿನ ಡಬ್ಬಿ ಹಿಡಿದಿದ್ದವರು ಎರಡೂ ಕೈ ಮೇಲೆತ್ತಿಕೊಂಡೇ ಬಿದ್ದರು. ಡಬ್ಬಿ ಉಳಿಯಲಿಲ್ಲ. ಅರವತ್ತು ತುಂಬಿದ ಆ ತಾಯಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮಗನ ಮುಖ ನೋಡಿ, ಬಿದ್ದು ಬಿದ್ದು ನಗಲು ಶುರುಮಾಡಿದರು. ಅವರು ನಕ್ಕದ್ದರಿಂದ ಎಲ್ಲರೂ ನಕ್ಕರು. ಪ್ರಸಾದ್ ಒಬ್ಬರು ನಗಲಿಲ್ಲ.

ಸಿದ್ದಣ್ಣ ತನ್ನ ಅಣ್ಣನ ಟ್ರ್ಯಾಕ್ಟರ್ ತಂದ. ಊರಿನ ಅರ್ಧ ಜನ ಹಗ್ಗ ಹಿಡಿಯಲು, ಉಳಿದ ಅರ್ಧ ನೋಡಲು ಬಂದರು. ಆ ಹೊತ್ತಿಗೆ ಅಕ್ಕ ಬಸ್ಸಿಳಿದು, ಹೆಸರಿಡುವ ಮನೆಯ ಒಬ್ಬಟ್ಟಿನ ಚೀಲ ಹಿಡಿದುಕೊಂಡು ಏರಿಯ ಮೇಲೆ ಬಂದಳು.

"ಏನ್ ಚೆನ್ನಕ್ಕ" ಅಂದರು ಪ್ರಸಾದ್. ಅವರ ದನಿ ಏರಿರಲಿಲ್ಲ. "ನೀವು ಕೂತು ನೋಡಿದೀರಿ ಅಂತ ನಾಗರಾಜು ಹೇಳಿದ್ರಲ್ಲ. ನಿಮ್ಮನ್ನ ನಂಬಿ ಅಮ್ಮನ್ನ ಕರ್ಕೊಂಡು ಬಂದೆ."

ಅಕ್ಕ ವ್ಯಾನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಹಗ್ಗದ ಗಂಟು ನೋಡುತ್ತಿದ್ದೆ. ಅವಳು ಊರಲ್ಲಿರಲಿಲ್ಲ ಎನ್ನುವುದು ಅಲ್ಲಿದ್ದ ಕೆಲವರಿಗೆ ಗೊತ್ತಿತ್ತು. ಬಸ್ಸಿಗೆ ಹೋಗುವ ಮೊದಲು ಕೂತಿರಬೇಕು ಎಂದುಕೊಂಡು ಸುಮ್ಮನಿದ್ದರು.

"ಹೂಂ ಕಣಪ್ಪ, ಕೂತಿದ್ದೆ" ಅಂದಳು ಅಕ್ಕ. "ಸರ್ಯಾಗ್ ಕೂರ್ನಿಲ್ಲ ಅಂತ ಕಾಣ್ತದೆ."

ಜನ ಗೊಳ್ಳೆಂದು ನಕ್ಕರು. ಅಕ್ಕ ಕೆಸರಿಗಿಳಿದು ಆ ತಾಯಿಯ ಕೈ ಹಿಡಿದು ಹೊಂಗೆಮರದವರೆಗೆ ಕರೆತಂದಳು. ಕೇಕಿನ ಬದಲು ಒಬ್ಬಟ್ಟು ಹಂಚಿದಳು. ಆ ತಾಯಿ ಒಬ್ಬಟ್ಟಿನ ಮೇಲೆ ಮೇಣದ ಬತ್ತಿ ನಿಲ್ಲಿಸಿ ಊದಿದರು. ಆ ಫೋಟೋ ಈಗಲೂ ಸವಿತಳ ಫೋನಿನಲ್ಲಿದೆ. ಎಲ್ಲರ ಕಾಲೂ ಕಪ್ಪು ಬೂಟು ಹಾಕಿದ ಹಾಗಿದೆ.

ಮನೆಗೆ ಬಂದ ಮೇಲೆ ನಾನು ಬಾಯಿ ತೆರೆಯುವ ಮುಂಚೆಯೇ ಅಕ್ಕ ಹೇಳಿದಳು. "ನೀರಿನ್ ಮ್ಯಾಲೆ ಜನಾನ ಕರ್ಕೊಂಡ್ ಹೋಗೋನು ನೀನು. ಸುಳ್ ಹೇಳ್ತಾನೆ ಅಂತಾದ್ರೆ ನಿನ್ ತೆಪ್ಪ ಯಾರ್ಲಾ ಹತ್ತಾರು? ನಾನ್ ಕುರಿ ಕಾಯೋಳು. ಕುರಿಗೇನ್ ನನ್ ಮಾತ್ ಬೇಕಾ?"

ಕುರಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿತ್ತು ಎಂದು ನನಗೆ ತಿಳಿಯಲು ತಡವಾಯಿತು.

ಪ್ರಸಾದ್ ಬರುವುದನ್ನು ಬಿಡಲಿಲ್ಲ. ಮುಂದಿನ ಸಲದಿಂದ ಅವರು ಫೋನು ಮಾಡಿದ್ದು ನನಗೆ. "ನಾಗರಾಜು, ಅಕ್ಕನ ಮಾತು ಬೇಡ. ನೀವೇ ನೋಡಿ ಹೇಳಿ" ಅಂದರು. ಸುಳ್ಳು ಹೇಳಿದವನನ್ನು ನಂಬಿ, ಹೇಳದವಳನ್ನು ಬಿಟ್ಟರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಉಳಿದವರೂ ಹಾಗೆಯೇ ಮಾಡಿದರು. ನಾನು ಹೋಗಿ ನೋಡುತ್ತಿದ್ದೆ, ಆ ಮಟ್ಟಿಗೆ ಬುದ್ಧಿ ಬಂದಿತ್ತು. ಸರಪಳಿ, ಕೋಡಿ, ತೂಬು, ಎಲ್ಲ ನೋಡಿ ಅಂಗಳದಲ್ಲಿ ಕೂರುತ್ತಲೂ ಇದ್ದೆ. ಫೋನಿನಲ್ಲಿ ಮಾತ್ರ "ಚೆಕ್ ಮಾಡಿದೀನಿ ಸಾರ್" ಅನ್ನುತ್ತಿದ್ದೆ. ಅಕ್ಕನ ಮಾತು ಬಾಯಿಗೆ ಬರುತ್ತಿರಲಿಲ್ಲ.

ಆ ಮಾತು ಊರಲ್ಲಿ ತಲೆಕೆಳಗಾಯಿತು. ಅಡಿಗೆ ಸೀದುಹೋದರೆ 'ಚೆನ್ನಕ್ಕ ಕೂತಂಗಾಯ್ತು'. ಸೈಕಲ್ಲು ಪಂಚರಾದರೆ 'ಚೆನ್ನಕ್ಕ ಕೂತಿದ್ಲಾ?' ಚನ್ನಪಟ್ಟಣದ ಕಾರ್ಖಾನೆಯಲ್ಲಿ ಒಂದು ಬುಗುರಿ ತಿರುಗದೆ ಓಲಾಡಿದಾಗ ಪಕ್ಕದ ಯಂತ್ರದವನು ಅದನ್ನೇ ಅಂದ. ಅವನು ನಮ್ಮೂರಿನವನೂ ಅಲ್ಲ. ಹೇಳುವವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅಕ್ಕನ ಎದುರಿಗೇ ಹೇಳುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಕುರಿಗಳನ್ನು ಅಂಗಳಕ್ಕೆ ಬಿಡುವುದನ್ನು ನಿಲ್ಲಿಸಿ ಗುಡ್ಡದ ಕಡೆ ಹೊಡೆಯತೊಡಗಿದಳು. "ಅಲ್ಲಿ ಹುಲ್ಲು ಚೆಂದಾಗೈತೆ" ಅಂದಳು. ಗುಡ್ಡದ ಮೇಲೆ ಬಂಡೆ ಬಿಟ್ಟರೆ ಬೇರೇನಿಲ್ಲ.

ಒಂದು ದಿನ ಅವಳು ಮುದ್ದೆ ಕಟ್ಟುತ್ತಿದ್ದಾಗ ಒಲೆಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ಅಕ್ಕ, ಆವತ್ತು..."

"ಯಾವತ್ತು?"

"ಆ ವ್ಯಾನು ಹೂತ್ಕೊಂಡಾಗ. ನೀನ್ ಕೂತಿರ್ನಿಲ್ಲ."

ಅಕ್ಕ ಮುದ್ದೆಯ ಕೋಲು ನಿಲ್ಲಿಸಿ ನನ್ನ ಕಡೆ ತಿರುಗಿದಳು. ನಗು ತಡೆದುಕೊಂಡಿದ್ದಳು. "ಅದ್ನ ನಂಗ್ ಬಂದ್ ಹೇಳ್ತಿದೀಯಲ್ಲೋ ದಡ್ಡ. ನಾನ್ ಕೂತಿದ್ನೋ ಇಲ್ವೋ ಅಂತ ನಂಗ್ ಗೊತ್ತಿಲ್ವಾ? ಹೇಳದಾದ್ರೆ ಗೊತ್ತಿಲ್ದೋರ್ಗೆ ಹೇಳು. ತಗೋ, ತಟ್ಟೆ ಹಿಡಿ."

ತಟ್ಟೆ ಹಿಡಿದೆ. ಗೊತ್ತಿಲ್ಲದವರಿಗೆ ಹೇಳಲಿಲ್ಲ. ಪ್ರತಿ ಶನಿವಾರ ಪ್ರಸಾದರ ವ್ಯಾನು ಕಂಡಾಗ ಇವತ್ತು ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ, "ನಿಮ್ಮಿಂದ ಒಂದು ಸಲಾನೂ ತೊಂದರೆ ಆಗಿಲ್ಲ" ಅನ್ನುತ್ತಿದ್ದರು. ಆ ಕೈಯ ಭಾರಕ್ಕೆ ಮಾತು ಅಲ್ಲೇ ಕೂತುಬಿಡುತ್ತಿತ್ತು.

ಅಕ್ಕ ಈಗ ನಮ್ಮ ಜೊತೆ ಇಲ್ಲ. ಕನಕಪುರದ ಆಚೆ, ಮದುವೆಯಾಗಿ ಹೋದ ಸವಿತಳ ಮನೆಯಲ್ಲಿದ್ದಾಳೆ. ಸವಿತಳಿಗೆ ಅವಳಿ ಮಕ್ಕಳಾದವು. "ಎಲ್ಡ್ ಕೂಸ್ಗೆ ಎಲ್ಡ್ ಕೈ ಸಾಲ್ದಮ್ಮ, ಬಂದ್ಬುಡು" ಎಂದು ಮಗಳು ಫೋನಿನಲ್ಲಿ ಅತ್ತಳು. ಅಕ್ಕ ಎರಡು ದಿನ ನಂಟರಿಗೆಲ್ಲ ಫೋನು ಮಾಡಿ, "ನಮ್ ಸವಿತ ಜೋಡಿ ಹೊಡ್ದವ್ಳೆ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಮೂರನೆಯ ದಿನ ಗಂಟು ಕಟ್ಟಿದಳು. ಕುರಿಗಳನ್ನು ನನಗೆ ಒಪ್ಪಿಸಿದಳು. ಯಾವುದು ಮೊಂಡು, ಯಾವುದು ಹೊಟ್ಟೆಬಾಕ ಎಂದು ಒಂದೊಂದರ ಕಿವಿ ಹಿಡಿದು ನನಗೆ ಪರಿಚಯ ಮಾಡಿಸಿದಳು.

ಅವಳು ಹೊರಟದ್ದು ಒಂದು ಶನಿವಾರ ಬೆಳಿಗ್ಗೆ. ಸಿದ್ದಣ್ಣನ ಅಂಗಡಿಯ ಮುಂದೆಯೇ ಬಸ್ಸು ನಿಲ್ಲುತ್ತದೆ. ಅಕ್ಕ ಹೊಸ ಚಪ್ಪಲಿ ಹಾಕಿಕೊಂಡು, ಧೂಳು ಹತ್ತದಂತೆ ಕಾಲನ್ನು ಬೆಂಚಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಕಳುಹಿಸಲು ಊರಿನವರು ಹತ್ತಾರು ಜನ ಸೇರಿದ್ದರು. ಪ್ರಸಾದರ ವ್ಯಾನೂ ಬಂದು ನಿಂತಿತು. ಅವರ ತಾಯಿಯೂ ಬಂದಿದ್ದರು. ಆ ತಾಯಿ ಇಳಿದವರೇ ಅಕ್ಕನನ್ನು ತಬ್ಬಿಕೊಂಡರು.

"ಹೊರಟೇಬಿಟ್ರಾ? ನಾನು ನಿಮ್ಮ ಒಬ್ಬಟ್ಟಿಗೆ ಅಂತ ಬಂದೆ."

"ನೀವ್ ಕನಕಪುರಕ್ ಬನ್ನಿ. ಅಲ್ಲಿ ಕೆರೆ ಇಲ್ಲ, ಹೂತ್ಕೊಳ್ಳೋ ಭಯ್ವೂ ಇಲ್ಲ" ಅಂದಳು ಅಕ್ಕ.

ಪ್ರಸಾದ್ ಟೀ ಲೋಟ ಹಿಡಿದು ನನ್ನ ಕಡೆ ತಿರುಗಿದರು. "ನಾಗರಾಜು, ಇವತ್ತು ನೆಲ ಹೇಗಿದೆ?"

ನಾನು ಬಾಯಿ ತೆರೆಯುವುದರೊಳಗೆ ಸಿದ್ದಣ್ಣ ಅಂದ, "ಯಾರ್ ಕೂತಿದ್ರು ಅಂತ ಮೊದ್ಲು ಕೇಳಿ ಸಾರ್. ಚೆನ್ನಕ್ಕ ಆದ್ರೆ ಹೇಳ್ಬುಡಿ, ಟ್ರ್ಯಾಕ್ಟರ್ಗೆ ಡೀಸಲ್ ಹಾಕುಸ್ತೀನಿ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗುತ್ತಲೇ ಚಪ್ಪಲಿಯ ಧೂಳು ಒರೆಸಲು ಬಗ್ಗಿದಳು. ಆ ಚಪ್ಪಲಿಯ ಮೇಲೆ ಧೂಳಿರಲಿಲ್ಲ. ಹಾಗೆ ಬಗ್ಗಿದ ಅವಳ ಬೆನ್ನು ನೋಡಿದೆ. ಈ ಬಸ್ಸು ಹೋದ ಮೇಲೆ ಅವಳು ಇರುವುದಿಲ್ಲ, ಈ ನಗು ಇಲ್ಲೇ ಇರುತ್ತದೆ ಅನ್ನಿಸಿತು.

"ಸಿದ್ದಣ್ಣ, ಒಸಿ ಸುಮ್ಕಿರು" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಪ್ರಸಾದ್ ಸಾರ್, ನಿಮ್ ವ್ಯಾನ್ ಹೂತ್ಕೊಂಡಿದ್ ದಿನ ಅಕ್ಕ ಕೂತೇ ಇರ್ನಿಲ್ಲ. ಮೊದಲ್ನೇ ಬಸ್ಗೆ ಕೆಂಪಾಪುರಕ್ ಹೋಗಿದ್ಲು. ಹೋಗೋವಾಗ, ಹೋಗಿ ನೋಡ್ಲಾ ಅಂತ ನಂಗ್ ಹೇಳಿದ್ಲು. ನಾನ್ ಹೋಗ್ನಿಲ್ಲ. ಅಕ್ಕ ಕೂತ್ ನೋಡವ್ಳೆ ಅಂತ ನಿಮ್ಗೆ ಸುಳ್ ಹೇಳ್ದೆ."

ಸಿದ್ದಣ್ಣ ಟೀ ಸೋಸುತ್ತಿದ್ದವನು ಹಾಗೇ ನಿಂತ. ಟೀ ಲೋಟ ತುಂಬಿ ಹೊರಗೆ ಹರಿಯಿತು.

"ಎಲ್ಲಿದ್ರಿ ನೀವು ಅವಾಗ?" ಅಂದರು ಪ್ರಸಾದ್.

"ಕಟ್ಟೆ ಮೇಲೆ. ಚೌಕಾಬಾರ ಆಡ್ತಿದ್ದೆ."

"ಗೆದ್ರಾ?" ಅಂದರು ಅವರ ತಾಯಿ.

"ಗೆದ್ದೆ ಅಮ್ಮ."

ಆ ತಾಯಿ ಕೆಸರಲ್ಲಿ ನಿಂತು ನಕ್ಕ ಹಾಗೆಯೇ ನಕ್ಕುಬಿಟ್ಟರು. ಪ್ರಸಾದ್ ನಗಲಿಲ್ಲ. ಲೋಟ ಕೆಳಗಿಟ್ಟು ಅಕ್ಕನ ಮುಂದೆ ಹೋಗಿ ನಿಂತರು. "ಚೆನ್ನಕ್ಕ, ಇಷ್ಟು ದಿನ ನಾನು ನಿಮಗೆ ಫೋನ್ ಮಾಡಲಿಲ್ಲ."

"ಮಾಡ್ನಿಲ್ಲ. ನಾನ್ ಚಾರ್ಜ್ ಮಾತ್ರ ಹಾಕ್ತಾನೇ ಇದ್ದೆ" ಅಂದಳು ಅಕ್ಕ. ಅವಳ ಕಿವಿ ಕೆಂಪಾಗಿತ್ತು.

ಸಿದ್ದಣ್ಣ ನನ್ನ ಕಡೆ ತಿರುಗಿ, "ಥೂ ನಿನ್ನ. ಎರಡ್ ವರ್ಷದಿಂದ ತಪ್ಪು ಹೆಸ್ರು ಹೇಳ್ಸಿದ್ಯಲ್ಲೋ ನನ್ ಬಾಯಲ್ಲಿ" ಅಂದ. ಯಾರೋ ಹಿಂದಿನಿಂದ, "ಇನ್ಮ್ಯಾಕೆ ನಾಗ ಕೂತಂಗಾಯ್ತು ಅನ್ಬೇಕು ಕಣ್ರಪ್ಪ" ಅಂದರು. ಮತ್ತೆ ನಗು ಶುರುವಾಯಿತು. ಈ ಸಲ ಅದು ನನ್ನ ಮೇಲೆ ಬಿತ್ತು. ಬಿದ್ದರೂ ಮೈ ಹಗುರವಾಯಿತು.

ಅಷ್ಟರಲ್ಲಿ ಬಸ್ಸು ಬಂತು. ಗಂಟು ಮೂಟೆ ಹತ್ತಿಸಿದೆವು. ಪ್ರಸಾದರ ತಾಯಿ ಕೂಸುಗಳಿಗೆಂದು ತಮ್ಮ ಹೆಗಲ ಮೇಲಿದ್ದ ಶಾಲನ್ನೇ ತೆಗೆದು ಕೊಟ್ಟರು. ಅಕ್ಕ ಕಿಟಕಿಯ ಪಕ್ಕದ ಸೀಟು ಹಿಡಿದು, ಕಂಡಕ್ಟರನಿಗೆ ಎರಡು ಮಾತು ಬೈದು, ತಲೆ ಹೊರಗೆ ಹಾಕಿದಳು. ನಾನು ಕಿಟಕಿಯ ಕೆಳಗೆ ನಿಂತಿದ್ದೆ. ಊರೆಲ್ಲ ನನ್ನ ಹಿಂದೆ ನಿಂತಿತ್ತು.

"ಲೇ ನಾಗ" ಅಂದಳು. "ಅವ್ರ್ಗೆಲ್ಲಾ ಹೇಳ್ದೆ. ನಂಗೇನೂ ಹೇಳ್ಲೇ ಇಲ್ವಲ್ಲಾ."

"ನಿಂಗ್ ಗೊತ್ತಲ್ಲಕ್ಕ" ಅಂದೆ.

"ಆಗಿದ್ದು ಗೊತ್ತು. ಅದ್ಕೆ ನೀನ್ ಏನಂತೀಯ ಅಂತ ಗೊತ್ತಿಲ್ಲ."

ಡ್ರೈವರು ಗೇರು ಹಾಕಿದ. ಬಸ್ಸು ಅಲುಗಾಡಿತು. ಜೊತೆಯಲ್ಲೇ ನಡೆದೆ, ಆಮೇಲೆ ಓಡಿದೆ. ಒಂದು ಕೈ ಕಿಟಕಿಯ ಸರಳಿನ ಮೇಲಿತ್ತು. ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟು ಕಾಯುತ್ತಿದ್ದಳು. ಮುಖದ ತುಂಬ ನಗು. ಕಣ್ಣು ಮಾತ್ರ ನನ್ನ ಬಾಯನ್ನೇ ನೋಡುತ್ತಿತ್ತು. ಬಸ್ಸಿನ ಸದ್ದನ್ನು ಮೀರಿ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ.

"ಸುಳ್ ಹೇಳಿದ್ದು ಒಂದ್ ತಪ್ಪು. ನೀನ್ ಹೊತ್ಕೊಂಡಾಗ ಸುಮ್ಕೆ ನಿಂತಿದ್ದು ಅದಕ್ಕಿಂತ ದೊಡ್ ತಪ್ಪು. ತಪ್ಪಾಯ್ತು ಕಣಕ್ಕ."